ಹಿಡಿ ಮಣ್ಣಿನ ನಾಟಕ

ಮಿಲ್ಲಿನ ಸೈರನ್ ಕೇಳಿಯೇ ನಮ್ಮ ಬಂಗೂರನಗರದ ಅವ್ವಂದಿರು ಒಗ್ಗರಣೆ ಹಾಕುತ್ತಿದ್ದ ಕಾಲ ಅದು. ನಾನು ಏಳನೆಯ ತರಗತಿ. ಆ ವರ್ಷ ಶಾಲೆಯ ಗ್ಯಾದರಿಂಗಿಗೆ ನಮ್ಮ ಟೀಚರ್ ಗ್ರೀಸ್ ದೇಶದ ಪುರಾತನ ದುರಂತ ಕಥೆಯೊಂದನ್ನು ನಾಟಕ ಮಾಡಿಸಿದರು. ದ್ರೋಹಿಯೆಂದು ರಾಜ ಒಬ್ಬಳ ಅಣ್ಣನ ಹೆಣವನ್ನು ಬಯಲಿಗೆ ಎಸೆಸಿದ್ದಾನೆ. ಮಣ್ಣು ಹಾಕಿದವರಿಗೆ ಸಾವೇ ಶಿಕ್ಷೆ. ತಂಗಿ ಹಾಕಿಯೇ ಹಾಕುತ್ತಾಳೆ, ಸಾಯುತ್ತಾಳೆ. ಟೀಚರ್ ಆ ರಾಜನನ್ನು ಹಳಿಯಾಳ ಸೀಮೆಯ ಗೌಡನನ್ನಾಗಿ ಮಾಡಿ ಕೈಗೊಂದು ಮೊಬೈಲ್ ಕೊಟ್ಟರು. ತಂಗಿ ಯಾರು? ನಾನೇ! ಖುಷಿಗೆ ಎರಡು ಪ್ಲೇಟ್ ಗಿರ್ಮಿಟ್ ತಿಂದೆ.

ನಾಟಕ ನೋಡಲೆಂದೇ ಮುಂಡಗೋಡದಿಂದ ನಮ್ಮ ಆಯಿ, ಅವ್ವನ ಅವ್ವ, ಬಂದಳು. ನಮ್ಮ ಮಂದಿಯಲ್ಲಿ ಸತ್ತವರನ್ನು ಹೂಳುವುದು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಕಥೆ ಕೇಳಿದ್ದೇ ಆಯಿ ಕೆಂಡವಾದಳು.

"ಮಣ್ಣ ಹಾಕಬ್ಯಾಡ ಅನ್ನಾಕ ಅಂವ ಯಾವ ಊರ ಗೌಡ?"

"ಕತಿ ಆಯಿ ಅದು."

"ಕತಿ ಆದ್ರೇನು, ಅಣ್ಣ ಅಣ್ಣನ ಅಲ್ಲೇನ?"

ನಾಟಕದ ಸಂಜೆ ಮಿರ್ಚಿ ಭಜಿಯ ವಾಸನೆ ಸ್ಟೇಜಿನ ಮೇಲಕ್ಕೂ ಬರುತ್ತಿತ್ತು. ಹೆಣವಾಗಿ ಮಲಗಿದವನು ನಮ್ಮ ಕ್ಲಾಸಿನ ಬಸ್ಯಾ. ಮುಷ್ಟಿಯಲ್ಲಿ ಮಣ್ಣು ಹಿಡಿದು ಓಡಿದೆ. ಕಾವಲುಗಾರನಾಗಿದ್ದ ಮಂಜ್ಯಾನಿಗೆ ಅದೇನು ಆವೇಶ ಬಂತೋ, ತಾಲೀಮಿನಲ್ಲಿ ಹಿಡಿದು ಬಿಡುತ್ತಿದ್ದ ನನ್ನ ಕೈಯನ್ನು ಅವತ್ತು ಬಿಡಲೇ ಇಲ್ಲ. ಮಣ್ಣೆಲ್ಲ ಹಲಗೆಯ ಮೇಲೆ ಚೆಲ್ಲಿತು. ನನ್ನ ನಾಟಕ ಹಾಳಾಯಿತೆಂದು ನಿಜವಾಗಿಯೂ ಅತ್ತುಬಿಟ್ಟೆ.

"ಏ, ಬಿಡೋ ಆಕಿನ್ನ!"

ಮೊದಲ ಸಾಲಿನಿಂದ ಆಯಿ ಎದ್ದಿದ್ದಳು. ಸೆರಗು ಸಿಕ್ಕಿಸಿ ಸೀದಾ ಸ್ಟೇಜು ಹತ್ತಿದಳು. ಅಂಚಿನಲ್ಲಿದ್ದ ಹೂವಿನ ಕುಂಡಕ್ಕೆ ಕೈಹಾಕಿ, ಬಸ್ಯಾನ ಎದೆಯ ಮೇಲೆ ಹಿಡಿ ಮಣ್ಣು ಹಾಕಿ ಕೈಮುಗಿದಳು. "ತಡೀ ಯಕ್ಕಾ, ನಾನೂ ಬಂದೆ" ಎಂದು ಇನ್ನೊಬ್ಬಳು ಎದ್ದಳು. ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತ ಹೆಂಗಸರ ಸಾಲೇ ನಿಂತಿತು! ಗೌಡ ಮೊಬೈಲ್ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಸಾಕ ಬಿಡ್ರೆವ್ವಾ, ಬಾಯಾಗ ಹೋಗಾಕತ್ತೈತಿ!" ಎಂದು ಹೆಣ ಎದ್ದು ಕುಳಿತಿತು.

ಅಬ್ಬಬ್ಬಾ, ಆ ಸಿಳ್ಳೆ, ಆ ಚಪ್ಪಾಳೆ! ಟೀಚರ್ ಪರದೆಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದುರಂತ ನಾಟಕದಲ್ಲಿ ಕೊನೆಗೂ ಯಾರೂ ಸಾಯಲಿಲ್ಲ.

ಕೊರೋನಾ ಬಂದಾಗ ಆಯಿ ತೀರಿಕೊಂಡಳು. ಮೈತುಂಬ ಪ್ಲಾಸ್ಟಿಕ್ ತೊಟ್ಟವರು ನಮ್ಮನ್ನು ದೂರದಲ್ಲೇ ತಡೆದರು. "ಮಣ್ಣ ಹಾಕೂಹಂಗಿಲ್ರಿ, ಆರ್ಡರ್ ಐತಿ" ಎಂದ ಒಬ್ಬ. ಪಾಪ, ಅವನೂ ಹೇಳಿದ್ದನ್ನು ಮಾಡುವವನು. ನನ್ನ ಮುಷ್ಟಿಯಲ್ಲಿ ಮಣ್ಣು ಹಾಗೇ ಉಳಿಯಿತು. "ಬಿಡೋ ಆಕಿನ್ನ" ಎಂದು ಗದರಿಸಿ ಮುಂದೆ ಬರುವವಳು ನಮ್ಮಲ್ಲಿ ಒಬ್ಬಳೇ ಇದ್ದಳು. ಅವಳನ್ನೇ ಕುಣಿಗೆ ಇಳಿಸುತ್ತಿದ್ದರು.