ಕಳ್ಳ ಅಳತೆ

ಊರಿನಲ್ಲಿ ಬಣ್ಣ ಹೊಡೆಯುವವರಿಗೆ ಬರವಿರಲಿಲ್ಲ. ಆದರೆ ಬಣ್ಣ ಹೊಡೆಯುವ ಮುಂಚೆ ಕೂತು ಹಳೆಯದನ್ನು ಕೆರೆಯುವವರು ಎಷ್ಟು ಜನ? ಹುಡುಕಿದರೆ ಒಬ್ಬನೇ. ಉಳಿದವರು ಧೂಳಿನ ಮೇಲೇ ಒಂದು ಕೈ, ಜೇಡರ ಬಲೆಯ ಮೇಲೇ ಇನ್ನೊಂದು ಕೈ ಎಳೆದು ಜಾಗ ಖಾಲಿ ಮಾಡುತ್ತಿದ್ದರು. ಇವನು ಹಾಗಲ್ಲ. ಒಂದು ಬಾಗಿಲಿನ ಚೌಕಟ್ಟು ಕೊಟ್ಟರೆ ಮೊದಲು ಒರಟು ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ ನಯವಾದದ್ದರಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮರದ ಹಸಿ ಮೈ ಕಾಣುವ ತನಕ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. "ಹಳೇದರ ಮೇಲೆ ಬಳಿಯೋದು ಕೆಲಸ ಅಲ್ಲ ಸ್ವಾಮಿ, ಮೋಸ. ಮೊದಲು ಚೊಕ್ಕ ಮಾಡ್ಬಿಡೋಣ," ಅನ್ನುತ್ತಿದ್ದ. ಈ ಚೊಕ್ಕ ಎಂಬ ಮಾತು ದಿನಕ್ಕೆ ನಲವತ್ತು ಸಲ ಬಾಯಿಗೆ ಬಂದು ಬಂದು ಅವನಿಗೆ ಚೊಕ್ಕ ಮೇಸ್ತ್ರಿ ಎಂದೇ ಹೆಸರಾಯಿತು. ಹಾಗೆ ಕರೆದರೆ ಅವನಿಗೆ ಒಳಗೊಳಗೇ ಹಿಗ್ಗು. ಆಗ ಹಿಗ್ಗು, ಈಗಲ್ಲ.

ಬಣ್ಣದವನಿಗೆ ಮನೆಗಳು ಬೇರೆಯವರಿಗೆ ಕಾಣದ ಹಾಗೆ ಕಾಣುತ್ತವೆ. ಸಾಮಾನೆಲ್ಲ ನಡುಮನೆಗೆ ಎಳೆದು ಹಳೇ ಬಟ್ಟೆ ಹೊದಿಸಿದ ಮೇಲೆ ಗೋಡೆಗಳು ಬಾಯಿ ಬಿಡುತ್ತವೆ. ಅವನು ಕೆಲಸ ಮಾಡುವ ಬೀದಿಗಳಲ್ಲಿ ನಾನಾ ದೇಶದ ಜನ, ಒಬ್ಬರ ಊಟ ಒಬ್ಬರಿಗೆ ಸೇರದು, ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೆ ಬೀರು ಸರಿಸಿ ನೋಡಿ, ಎಲ್ಲರ ಬೀರುವಿನ ಹಿಂದೆಯೂ ಒಂಟಿ ಕಾಲುಚೀಲ, ಹಲ್ಲು ಮುರಿದ ಬಾಚಣಿಗೆ. ಎಲ್ಲರ ಮನೆಯಲ್ಲೂ ಮುದುಕರು ತಲೆ ಆನಿಸಿ ಕೂರುವ ಕಡೆ ಗೋಡೆಗೆ ಎಣ್ಣೆಯ ಕಲೆ. ಗಂಡ ಹೆಂಡಿರಲ್ಲಿ ಯಾರೋ ಒಬ್ಬರು ಲೋಟ ಬೀಸಿದ ತಗ್ಗು, ಅದು ಕಾಣದಿರಲೆಂದು ಮೇಲೊಂದು ಕ್ಯಾಲೆಂಡರು. ಮತ್ತೆ ಒಂದಲ್ಲ ಒಂದು ಬಾಗಿಲಿನ ಚೌಕಟ್ಟಿನಲ್ಲಿ, ನೆಲದಿಂದ ಮೇಲಕ್ಕೆ, ಪೆನ್ಸಿಲ್ ಗೀಟುಗಳು. ಮಕ್ಕಳನ್ನು ನಿಲ್ಲಿಸಿ ತಲೆಯ ಮೇಲೆ ಪುಸ್ತಕ ಇಟ್ಟು ಎಳೆದ ಗೀಟುಗಳು. ಪಕ್ಕದ ಅಕ್ಷರ ಓದಲು ಬಾರದಿದ್ದರೂ ಅದು ಏನೆಂದು ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನ ಮನೆಯಲ್ಲೂ ಇದ್ದವು, ಅಡುಗೆಮನೆಯ ಬಾಗಿಲಿಗೆ, ಬಲಗಡೆ. ಒಬ್ಬಳೇ ಮಗಳು. ಕೂತಲ್ಲಿ ಕೂರದೆ ಗಿರಗಿರ ತಿರುಗುತ್ತಿದ್ದಳೆಂದು ಬುಗುರಿ ಅಂತ ಕರೆಯುತ್ತಿದ್ದರು. ಪ್ರತಿ ವರ್ಷ ಅವಳು ಹುಟ್ಟಿದ ದಿನ ಅಮ್ಮ ಹಿಮ್ಮಡಿ ಒತ್ತಿ ಹಿಡಿಯುವುದು, ಅಪ್ಪ ಬಡಗಿಗಳ ಚಪ್ಪಟೆ ಪೆನ್ಸಿಲಿನಲ್ಲಿ ಗೀಟು ಎಳೆಯುವುದು. ಆರನೆಯ ಗೀಟಾಗಿ ಎರಡು ತಿಂಗಳಿಗೇ ಹುಡುಗಿ ತಾನೇ ತುದಿಗಾಲಲ್ಲಿ ನಿಂತು, ತಲೆಯ ಮೇಲೆ ಸ್ಲೇಟು ಇಟ್ಟುಕೊಂಡು, ಒಂದು ಸೊಟ್ಟ ಗೀಟು ಎಳೆದುಬಿಟ್ಟಿದ್ದಳು.

"ಅಪ್ಪಾ, ನೋಡು, ನಾನು ಒಂದೇ ಸಲಕ್ಕೆ ಇಷ್ಟುದ್ದ ಆದೆ!"

"ಎಲಾ ಕಳ್ಳಿ! ಹಿಮ್ಮಡಿ ಎತ್ತಿದೀಯ," ಎಂದು ಅಮ್ಮ ಕಿವಿ ಹಿಂಡಿದಳು. ಮೇಸ್ತ್ರಿ ನಗುತ್ತಾ ಆ ಗೀಟಿನ ಪಕ್ಕ 'ಕಳ್ಳ ಅಳತೆ' ಎಂದು ಬರೆದಿಟ್ಟ. ತಮಾಷೆ ನೋಡಿ, ಏಳು ತುಂಬಿದ ದಿನ ಅವಳು ಸರಿಯಾಗಿ ಆ ಸೊಟ್ಟ ಗೀಟಿನವರೆಗೇ ಬೆಳೆದು ನಿಂತಿದ್ದಳು. ಹೊಸ ಗೀಟು ಎಳೆಯುವ ಕೆಲಸವೇ ಇರಲಿಲ್ಲ. ಎಂಟನೆಯದು ಬರಲಿಲ್ಲ. ಮೂರು ದಿನದ ಜ್ವರ, ಅಷ್ಟೇ.

ಹೆಂಡತಿಯನ್ನು ಅವಳ ಅಕ್ಕ ಬಂದು ಒಂದು ತಿಂಗಳ ಮಟ್ಟಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಮೇಸ್ತ್ರಿ ಒಬ್ಬನೇ. ನೀರು ಕುಡಿಯಲು ಹೋದರೂ ಆ ಬಾಗಿಲು, ಒಲೆ ಹಚ್ಚಲು ಹೋದರೂ ಆ ಬಾಗಿಲು. ಇವಳು ವಾಪಸು ಬಂದು ದಿನಕ್ಕೆ ನೂರು ಸಲ ಇದನ್ನು ದಾಟಬೇಕಲ್ಲ, ಹೇಗೆ ಜೀವ ಹಿಡಿದಾಳು ಅಂದುಕೊಂಡ. ಒಳ್ಳೆಯದಕ್ಕೇ ಅಂದುಕೊಂಡ, ಪುಣ್ಯಾತ್ಮ. ಕೆಲವು ಗಂಡಸರ ಬುದ್ಧಿಯೇ ಇಷ್ಟು. ನೋವು ಕಂಡರೆ ಅದರ ಪಕ್ಕ ಸುಮ್ಮನೆ ಕೂರಲು ಬಾರದು, ಏನಾದರೂ ಒಂದು ರಿಪೇರಿ ಮಾಡಲೇಬೇಕು. ಉಪ್ಪುಕಾಗದ ತೆಗೆದುಕೊಂಡು ಕೆಳಗಿನಿಂದ ಶುರುಮಾಡಿದ. ಕಳ್ಳ ಅಳತೆಯ ಹತ್ತಿರ ಬಂದಾಗ ಕೈ ನಿಂತಿತು. ಪೋರಿ ಒತ್ತಿ ಎಳೆದಿದ್ದಳು, ಗೆರೆ ಮರದಲ್ಲೇ ಕೂತಿತ್ತು. ಅದೂ ಹೋಗುವವರೆಗೆ ಉಜ್ಜಿದ. ಮೇಲೆ ಎರಡು ಕೈ ಬಣ್ಣ ಹೊಡೆದ. ಜೀವಮಾನದಲ್ಲೇ ಅಷ್ಟು ನುಣುಪಾದ ಕೆಲಸ ಅವನು ಮಾಡಿರಲಿಲ್ಲ.

ಹೆಂಡತಿ ಬಂದಳು. ಚೀಲ ಕೆಳಗಿಟ್ಟು ಅಡುಗೆಮನೆಯ ಕಡೆ ನಡೆದವಳು ಬಾಗಿಲಲ್ಲೇ ನಿಂತಳು. ಚೌಕಟ್ಟಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗಿನವರೆಗೆ ಸವರಿದಳು. ಅಳಲಿಲ್ಲ, ಕೂಗಾಡಲಿಲ್ಲ.

"ಚೊಕ್ಕ ಮಾಡ್ಬಿಟ್ರಿ," ಎಂದಳು.

ಆಮೇಲೆ ಮೂವತ್ತೊಂದು ವರ್ಷ. ಮಾತು ಬಿಟ್ಟಳು ಅಂತಲ್ಲ. ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ, ಚಳಿಯಿದೆ ಮಫ್ಲರ್ ಸುತ್ತಿಕೊಳ್ಳಿ, ಎಲ್ಲ ಮಾತೂ ಇತ್ತು. ಬುಗುರಿ ಎಂಬ ಹೆಸರು ಮಾತ್ರ ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ. ಚೊಕ್ಕ ಎಂಬ ಮಾತೂ ಮೇಸ್ತ್ರಿಯ ನಾಲಿಗೆಯಿಂದ ಅಂದೇ ಬಿದ್ದುಹೋಯಿತು. ಜನ ಬಿಡಬೇಕಲ್ಲ? ಬೀದಿಯ ಆ ತುದಿಯಿಂದಲೇ "ಏನ್ ಚೊಕ್ಕ ಮೇಸ್ತ್ರಿ, ಆರಾಮಾ?" ಅನ್ನುವರು. ಇವನು ಪಕ್ಕದ ಸಂದಿಗೆ ತಿರುಗಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಮನೆಯಲ್ಲಿಲ್ಲದಾಗ, ಅಂದಾಜಿನ ಮೇಲೆ ಒಂದು ಕಡೆ ಬಣ್ಣ ಕೆರೆದು ನೋಡಿದ. ಏನಿದೆ ಅಲ್ಲಿ ಮಣ್ಣು? ಬರೀ ಮರ. ಯಾವನಾದರೂ ಕಳ್ಳಬಿದ್ದ ಬಣ್ಣದವನು ಆ ಕೆಲಸ ಮಾಡಿದ್ದರೆ ಮೇಲೆ ಮೇಲೆ ಬಳಿದು ಹೋಗಿರುತ್ತಿದ್ದ, ಅಡಿಯಲ್ಲಿ ಏಳು ಗೀಟೂ ಭದ್ರವಾಗಿರುತ್ತಿದ್ದವು. ಮಗಳನ್ನು ಅಳಿಸಿದ್ದು ಇವನ ಅಚ್ಚುಕಟ್ಟು. ಕೆರೆದ ಜಾಗ ಮತ್ತೆ ಮುಚ್ಚಿ, ಕೈ ತೊಳೆದು, ಹೊರಗೆ ಹೋಗಿ ಕೂತ. ಸಾಯುವುದರೊಳಗೆ ಒಮ್ಮೆ ಹೆಂಡತಿಯ ಬಾಯಲ್ಲಿ ಆ ಹೆಸರು ಕೇಳಬೇಕು, ಬೈಗುಳದ ಜೊತೆಗಾದರೂ ಸರಿ. ಅವನಿಗೆ ಬೇಕಾದದ್ದು ಅಷ್ಟೇ. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಈ ವರ್ಷ, ಅರವತ್ತಾರು ತುಂಬಿದ ಮೇಲೆ, ಅಡ್ಡಬೀದಿಯ ಒಂದು ಬಾಡಿಗೆ ಮನೆಯ ಕೆಲಸ ಬಂತು. ಇದ್ದವರು ಅಂದೇ ಖಾಲಿ ಮಾಡುತ್ತಿದ್ದರು, ಎಲ್ಲಿಂದಲೋ ಬಂದ ಜನ. ಮೇಸ್ತ್ರಿ ಒಳಗೆ ಹೋದರೆ ಮಲಗುವ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಚೌಕಟ್ಟಿಗೆ ಬೆನ್ನು ಒತ್ತಿ, ಹಿಂದಕ್ಕೆ ಕೈ ಮಾಡಿ ಅದನ್ನು ಹಿಡಿದು ನಿಂತಿದ್ದಾಳೆ.

"ನೋಡಿ ಮೇಸ್ತ್ರಿ, ಬೆಳಗ್ಗೆಯಿಂದ ಹೀಗೇ ನಿಂತಿದಾರೆ ಈಯಮ್ಮ," ಎಂದ ಮನೆಯ ಒಡೆಯ. "ತಲೆಗಿಲೆ ಕೆಟ್ಟಿದೆಯೋ ಏನೋ. ಏನು ಹೇಳ್ತಾರೋ, ಒಂದಕ್ಷರ ಅರ್ಥ ಆಗಲ್ಲ."

ಅವಳು ಮೇಸ್ತ್ರಿಯ ಕೈಯಲ್ಲಿದ್ದ ಉಪ್ಪುಕಾಗದ ನೋಡಿ ಬೇಡ ಬೇಡವೆಂದು ತಲೆಯಾಡಿಸಿದಳು. ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಇವನಿಗೆ ತಿಳಿಯಲಿಲ್ಲವೆಂದು ಗೊತ್ತಾಗಿ, ಅಂಗೈ ಚಪ್ಪಟೆ ಮಾಡಿ ತಲೆಗಿಂತ ಮೇಲೆ ಹಿಡಿದು ಒಂದು ಹೆಸರು ಹೇಳಿದಳು. ಕಿವಿಯ ಹತ್ತಿರ ಹಿಡಿದು ಇನ್ನೊಂದು ಹೆಸರು ಹೇಳಿದಳು. ಆಮೇಲೆ ಕೈ ಸೊಂಟಕ್ಕೆ ಇಳಿಯಿತು. ಮೂರನೆಯ ಹೆಸರು ಬಾಯಿಂದ ಬರುವಷ್ಟರಲ್ಲಿ ಗದ್ದ ನಡುಗಿತು, ಕೈ ಅಲ್ಲೇ ನಿಂತುಹೋಯಿತು.

ಮೇಸ್ತ್ರಿ ಆ ಕೈಯನ್ನೇ ನೋಡಿದ. ಉಪ್ಪುಕಾಗದವನ್ನು ಜೇಬಿಗೆ ತುರುಕಿ, ಚೀಲದಿಂದ ಉಳಿ ತೆಗೆದು, ಸ್ವಲ್ಪ ಸರಿಯಮ್ಮ ಎಂದು ಸನ್ನೆ ಮಾಡಿದ. ಅವಳ ಬೆನ್ನ ಹಿಂದೆ ಚೌಕಟ್ಟಿಗೆ ಹೊಡೆದಿದ್ದ, ಪೆನ್ಸಿಲ್ ಗೀಟುಗಳಿದ್ದ ಹಲಗೆಪಟ್ಟಿಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ.

"ಅಯ್ಯಯ್ಯೋ, ನನ್ನ ಬಾಗಿಲು ಕಣ್ರೀ ಅದು!"

"ನಾಳೆ ಹೊಸ ಪಟ್ಟಿ ಹೊಡೆದು ಕೊಡ್ತೀನಿ. ಸ್ವಲ್ಪ ಬಾಯಿ ಮುಚ್ಕೊಂಡಿರಿ ಸ್ವಾಮಿ," ಎಂದ ಮೇಸ್ತ್ರಿ. ಅವನು ಯಾರಿಗೂ ಹಾಗೆ ಅಂದವನಲ್ಲ.

ಪಟ್ಟಿ ಕೀಳುವಾಗ ಅವನ ಕಣ್ಣು ಒಂದನ್ನು ಗಮನಿಸಿತು. ಅವಳು ಹಿಂದೆ ತಿರುಗಿಯೂ ನೋಡದೆ ಕೈ ಹಿಡಿದಿದ್ದಳು, ಆದರೆ ಆ ಎತ್ತರಕ್ಕೂ ಹಿಂದಿದ್ದ ಗೀಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮರ ನೋಡದೆಯೇ ಆ ತಾಯಿಗೆ ಅಳತೆ ಗೊತ್ತಿತ್ತು. ಅವಳು ಹಲಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದಳು. ಮೇಸ್ತ್ರಿ ಆ ದಿನ ಕೆಲಸ ಮಾಡಲಿಲ್ಲ. ನೇರ ಮನೆಗೆ ಬಂದ.

ಹೆಂಡತಿ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಇಲ್ಲಿ ಬಾ ಸ್ವಲ್ಪ."

"ಏನ್ರೀ, ಇಷ್ಟು ಬೇಗ ಬಂದ್ರಿ? ಮೈ ಸರಿಯಿಲ್ವಾ?"

"ಬಾರೇ. ಇಲ್ಲಿ ಬೆನ್ನು ಕೊಟ್ಟು ನಿಂತ್ಕೋ." ಅವನ ಕೈಯಲ್ಲಿ ಪೆನ್ಸಿಲು ಇತ್ತು. ಅವಳು ಅದನ್ನು ನೋಡಿದಳು, ಬಾಗಿಲನ್ನು ನೋಡಿದಳು. ಮೇಸ್ತ್ರಿ ಕೇಳಿಯೇಬಿಟ್ಟ. "ಅವಳು ನಿನಗೆ ಎಲ್ಲಿಯ ತನಕ ಬರ್ತಿದ್ಲು?"

ಇಷ್ಟು ಕೇಳಲು ಮೂವತ್ತೊಂದು ವರ್ಷ ಹಿಡಿಯಿತು. ಇನ್ನು ಬೈಗುಳ ಬರುತ್ತದೆ, ಬರಲಿ, ಎಂದು ತಲೆ ತಗ್ಗಿಸಿ ನಿಂತ. ಅವಳು ಕೈ ಒರೆಸಿಕೊಂಡು ಎದ್ದು ಬಂದಳು. ಚೌಕಟ್ಟಿಗೆ ಒರಗಿ, ಒಂದು ಕ್ಷಣವೂ ಯೋಚಿಸದೆ, ಎದೆಯ ಗುಂಡಿಗೆಯ ಮೇಲೆ ಅಂಗೈ ಇಟ್ಟಳು.

"ಇಲ್ಲಿಗೆ. ತಲೆ ಇಲ್ಲಿ ಒತ್ತಿಕೊಂಡು ನಿಲ್ತಿದ್ಲು, ನನ್ನ ಬಟ್ಟೆಗೇ ಮೂಗು ಒರೆಸ್ಕೊಳ್ಳೋಕೆ."

ಅವನು ಆ ಕೈಯ ಮಟ್ಟಕ್ಕೆ ಚೌಕಟ್ಟಿನ ಮೇಲೆ ಗೀಟು ಎಳೆದ. ಅವಳು ತಿರುಗಿ ಅದನ್ನು ನೋಡಿದಳು.

"ಕೆಳಗಾಯ್ತು ಕಣ್ರೀ."

"ಇಲ್ವೇ, ಸರಿಯಾಗೇ ಇದೆ."

"ಸುಳ್ಳು ಹೇಳ್ಬೇಡಿ. ನಿಮ್ಮ ಕಣ್ಣಿಗೆ ಗೊತ್ತಾಗಲ್ವಾ? ನನ್ನ ಬೆನ್ನು ಬಗ್ಗಿದೆ. ನಾನು ಕುಳ್ಳಿ ಆಗೋದರ ಜೊತೆಗೆ ಅವಳನ್ನೂ ಇಳಿಸಿಬಿಟ್ಟೆ."

ಅವನಿಗೆ ಗೊತ್ತಿತ್ತು. ಎರಡು ಬೆರಳು ಕೆಳಗೆ. ಮರದಲ್ಲಿದ್ದದ್ದನ್ನು ತಾನು ಕಳೆದ, ಇವಳ ಮೈಯಲ್ಲಿ ಉಳಿದದ್ದನ್ನು ವಯಸ್ಸು ಕಳೆಯುತ್ತಿದೆ. ಇನ್ನು ನಾಲ್ಕು ವರ್ಷ ಹೋದರೆ ಇಷ್ಟೂ ಇರುವುದಿಲ್ಲ.

ಹೆಂಡತಿ ಮತ್ತೆ ಚೌಕಟ್ಟಿಗೆ ಬೆನ್ನು ಒತ್ತಿದಳು. ಒಂದು ಕೈಯಲ್ಲಿ ಗಂಡನ ಹೆಗಲು ಹಿಡಿದು, ಇನ್ನೊಂದು ಕೈಯನ್ನು ಎದೆಯ ಮೇಲೆ ಅದೇ ಜಾಗದಲ್ಲಿಟ್ಟು, ಎರಡೂ ಹಿಮ್ಮಡಿ ಎತ್ತಿದಳು.

"ಈಗ ಎಳೀರಿ. ಬೇಗ. ಹೆಚ್ಚು ಹೊತ್ತು ನಿಲ್ಲೋಕಾಗಲ್ಲ."

ಅವನು ಎಳೆದ. ಇಷ್ಟು ವರ್ಷ ನೇರ ಗೆರೆ ಎಳೆದು ಅನ್ನ ತಿಂದವನ ಗೀಟು ಸೊಟ್ಟಗೆ ಬಂತು.

"ಪಕ್ಕದಲ್ಲಿ ಬರೀರಿ."

"ಏನಂತ?"

"ಬುಗುರಿ ಎಳೆದಿದ್ದಕ್ಕೆ ಏನು ಬರೆದಿದ್ರೋ, ಅದೇ."

ಮೇಸ್ತ್ರಿ 'ಕಳ್ಳ' ಎಂದು ಬರೆದ. ಮುಂದಿನ ಅಕ್ಷರ ಬರೆಯಲು ಕಣ್ಣು ಕಾಣಲಿಲ್ಲ. ಅವಳು ಅವನ ಹೆಗಲು ಹಿಡಿದು ಇನ್ನೂ ತುದಿಗಾಲಲ್ಲೇ ನಿಂತಿದ್ದಳು.