ಸೀಸ ಕೆರೆದ ಕೈ

ನಮ್ಮ ಯಜಮಾನರು ಸೀಸ ಕರಗಿಸಿ ಗುಂಡು ಎರೆಯಲು ಶುರು ಮಾಡಿದ್ದು ರಿಟೈರ್ ಆದ ಮೇಲೆ. ಹೂಸ್ಟನ್ನಿನ ಸೈಪ್ರೆಸ್‌ನಲ್ಲಿ ಆಗ ನಮ್ಮ ಮನೆ. ಟೈರ್ ಅಂಗಡಿಯವರು ಚಕ್ರದ ತೂಕ ಸರಿದೂಗಿಸಲು ಬಳಸಿ ಬಿಸಾಡುವ ಸೀಸದ ತುಂಡುಗಳನ್ನು ಬಕೆಟ್‌ನಲ್ಲಿ ತಂದು, ಗರಾಜಿನಲ್ಲಿ ಕರಗಿಸಿ ಅಚ್ಚಿಗೆ ಹುಯ್ಯುತ್ತಿದ್ದರು. ಮೆಟಲರ್ಜಿ ಓದಿದವರು, ಆ ಬಿಸಿಯ ಮುಂದೆ ನಿಂತಾಗ ಫ್ಯಾಕ್ಟರಿಯ ಕಾಲದ ಗತ್ತು ಮುಖಕ್ಕೆ ಮರಳುತ್ತಿತ್ತು. ನನಗೂ ಅದು ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರದು ಸೆಮಿ-ಆಟೊಮ್ಯಾಟಿಕ್ ರೈಫಲ್. ಒಂದು ಗುಂಡು ಹಾರಿದರೆ ಅದರ ಗ್ಯಾಸಿನ ಒತ್ತಡಕ್ಕೇ ಮುಂದಿನದು ಬಂದು ಕೂರುತ್ತದೆ. ಇಂಥದ್ದಕ್ಕೆ ಮನೆಯಲ್ಲಿ ಎರೆದ ಸೀಸ ಹಾಕಬೇಡಿ, ಗ್ಯಾಸ್ ಹೋಗುವ ತೂತು ಕಟ್ಟಿಕೊಳ್ಳುತ್ತದೆ ಎಂದು ಗುರಿ ಅಭ್ಯಾಸಕ್ಕೆ ಹೋಗುವ ರೇಂಜಿನಲ್ಲಿ ಎಲ್ಲರೂ ಹೇಳಿದ್ದರಂತೆ. ಇವರಿಗೆ ಅಷ್ಟೇ ಸಾಕಾಯಿತು, ಚಾಲೆಂಜ್! ತವರ ಬೆರೆಸಿ ಗಟ್ಟಿ ಮಾಡಿದರು, ಗುಂಡಿನ ಬುಡಕ್ಕೆ ತಾಮ್ರದ ಪುಟ್ಟ ಟೋಪಿ ತೊಡಿಸಿದರು. ರೈಫಲ್ ಓಡಿತು. ಸೀಸ ಕಟ್ಟುವುದು ಮಾತ್ರ ತಪ್ಪಲಿಲ್ಲ. ಬೆಳಿಗ್ಗೆ ರೇಂಜಿಗೆ ಹೋಗಿ ಬಂದವರು ಹಿಂದಿನ ಪೋರ್ಚಿನಲ್ಲಿ ಪಂಚೆ ಉಟ್ಟು ಕೂತು, ಊಟದ ಹೊತ್ತಿನವರೆಗೂ ಅದರ ಹೊಟ್ಟೆಯಿಂದ ಬೂದು ಪುಡಿ ಕೆರೆದು ತೆಗೆಯುತ್ತಿದ್ದರು.

ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಎರಡು ವರ್ಷದ ಮೊಮ್ಮಗಳು ಹಗಲೆಲ್ಲ ನಮ್ಮಲ್ಲೇ. ತಾತ ಕಲಸಿ ಕೈತುತ್ತು ಕೊಟ್ಟರೆ ಮಾತ್ರ ಬಾಯಿ ಬಿಡುತ್ತಿದ್ದಳು. ನಾನು ಹೋದರೆ, “ನೋ ಸ್ಪೂನ್! ತಾತಾ ಹ್ಯಾಂಡ್!” ಎಂದು ತಟ್ಟೆ ತಳ್ಳುವಳು.

“ರೀ, ಅದನ್ನ ಬಿಟ್ಟು ಬನ್ನಿ, ಮಗು ಹಸ್ಕೊಂಡಿದೆ,” ಎಂದು ಕೂಗುತ್ತಿದ್ದವಳು ನಾನೇ.

“ಬಂದೆ ಕಣೇ, ಏನ್ ಮಿಲಿಟ್ರಿ ಆರ್ಡರ್ ನಿಂದು!”

ಬೆರಳುಗಳನ್ನು ನಲ್ಲಿಯ ಕೆಳಗೆ ಎರಡು ಕ್ಷಣ ಹಿಡಿದು, ಅದೇ ಪಂಚೆಗೆ ಒರೆಸಿಕೊಂಡು, ಮೊಸರನ್ನಕ್ಕೆ ಕೈ. ಉಗುರಿನ ಸಂದಿಯ ಕಪ್ಪು ನನಗೆ ಕಾಣುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ದಿನವೂ ಉಗುರು ಇನ್‌ಸ್ಪೆಕ್ಟ್ ಮಾಡಿ ಬೆಳೆಸಿದ ಹುಡುಗಿ ನಾನು. ಆದರೂ ಸುಮ್ಮನಿದ್ದೆ. ಮಗು ಉಣ್ಣುತ್ತಿತ್ತಲ್ಲ.

ರೊಟೀನ್ ಚೆಕಪ್‌ನಲ್ಲಿ ಮಗುವಿನ ರಕ್ತದಲ್ಲಿ ಸೀಸ ಹೆಚ್ಚಿದೆ ಎಂದು ಬಂತು. ಇಂಡಿಯಾದಿಂದ ತಂದ ಕುಂಕುಮ, ಕಾಡಿಗೆ ಇದೆಯೇ, ಅವುಗಳಲ್ಲಿ ಸೀಸ ಇರುವುದುಂಟು ಎಂದು ಡಾಕ್ಟರ್ ಕೇಳಿದರಂತೆ. ಮಗಳು ಬಂದವಳೇ ನನ್ನ ದೇವರ ಮುಂದಿನ ಬಟ್ಟಲುಗಳನ್ನೆಲ್ಲ ಗಾರ್ಬೇಜ್ ಬ್ಯಾಗಿಗೆ ಸುರಿದಳು.

“ಸೀರಿಯಸ್ಲಿ ಅಮ್ಮ, ದೃಷ್ಟಿ ಬೀಳುತ್ತೆ ಅಂತ ಇನ್ನೂ ಕಾಡಿಗೆ ಹಚ್ತೀಯಾ?”

“ನಾನು ಆವತ್ತೇ ಹೇಳಿದ್ದೆ,” ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ. ಅವರು ಯಾವತ್ತೂ ಹೇಳಿರಲಿಲ್ಲ.

ಮೂರು ತಿಂಗಳ ನಂತರದ ಟೆಸ್ಟಿನಲ್ಲಿ ಸೀಸ ಇನ್ನೂ ಏರಿತ್ತು. ಸುರಿಯಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವರತ್ತ ನೋಡಿದೆ. ಅವರು ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿಕೊಂಡು ಕೂತಿದ್ದರು, ಬೈಸಿಕೊಂಡ ಮಕ್ಕಳ ಹಾಗೆ. ನನಗೆ ಅರ್ಥವಾಯಿತು. ಅವರಿಗೆ ಎಂದಿನಿಂದ ಅರ್ಥವಾಗಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

“ನೀವು ಹೇಳ್ತೀರೋ, ನಾನು ಹೇಳ್ಲೋ?”

“ಹೇಳಿದ್ರೆ ಮಗೂನ ಇನ್ನು ಬಿಡಲ್ಲ ಕಣೇ ನಮ್ಮ ಹತ್ರ.”

ಫೋನ್ ಮಾಡಿದವಳು ನಾನು. ಮಗಳು ಬಂದು, ಜಗಳವನ್ನೂ ಆಡದೆ, ಮಗುವಿನ ಬಟ್ಟೆ ಆಟಿಕೆಗಳನ್ನು ಕಾರಿಗೆ ತುಂಬಿಕೊಂಡಳು. ಆ ಬೇಸಿಗೆಯಲ್ಲೇ ಮಗಳು, ಅಳಿಯ ಆಸ್ಟಿನ್‌ಗೆ ಶಿಫ್ಟ್ ಆದರು. ಇವರು ಅಚ್ಚು, ರೈಫಲ್ ಎಲ್ಲವನ್ನೂ ರೇಂಜಿನ ಸ್ನೇಹಿತರೊಬ್ಬರಿಗೆ ಕೊಟ್ಟುಬಿಟ್ಟರು.

ಕೆಲವು ವರ್ಷಗಳ ಮೇಲೆ ಆಸ್ಟಿನ್‌ಗೆ ಹೋದಾಗಲೆಲ್ಲ ಮೊಮ್ಮಗಳು ತನಗಿಂತ ಚಿಕ್ಕವರ ಪುಸ್ತಕ ಹಿಡಿದು, ಓದಲಾಗದೆ ಒಂದೇ ಸಾಲಿನಲ್ಲಿ ತಡವರಿಸುತ್ತಿದ್ದಳು. ಸೀಸದಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. “ಟೇಕ್ ಯುವರ್ ಟೈಮ್, ಪುಟ್ಟಿ,” ಎನ್ನುತ್ತ ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಅವಳು ಓದುವ ಹೊತ್ತಿಗೆ ಇವರು ಆ ಕೋಣೆಗೆ ಬರುತ್ತಿರಲಿಲ್ಲ.