ಬೈಯುವವರ ಕುರ್ಚಿ

ನಮ್ಮ ಸಂಪಾದಕರ ಎಡಗಿವಿ ಪೂರ್ತಿ ಕಿವುಡು. ಕೊಪ್ಪಳದ ಬಾಡಿಗೆ ಕೋಣೆಯೊಂದರಲ್ಲಿ ಹಳೆಯ ಮುದ್ರಣ ಯಂತ್ರದ ಗದ್ದಲಕ್ಕೆ ಆ ಕಿವಿಯನ್ನು ಒಡ್ಡಿಕೊಂಡೇ ಅವರು ವರ್ಷಗಟ್ಟಲೆ ಪತ್ರಿಕೆ ತೆಗೆದವರು. ಮುಂದೆ ಯಂತ್ರ ಗುಜರಿಗೆ ಹೋಯಿತು, ಹೋದ ಕಿವಿ ಬರಲಿಲ್ಲ. ಬಲಗಿವಿ ಮುಂದೆ ಮಾಡಿ, ಕತ್ತು ಓರೆಯಾಗಿಸಿ ಕೂರುವ ಅವರನ್ನು ಮೊದಲ ಸಲ ನೋಡಿದವರಿಗೆ, ಈ ಮನುಷ್ಯ ನಮ್ಮ ಮಾತು ನಂಬುತ್ತಿಲ್ಲ ಅನಿಸುತ್ತಿತ್ತು. ಕೆಲಸ ಕೇಳಿಕೊಂಡು ಹೋದ ದಿನ ನನಗೂ ಹಾಗೇ ಅನಿಸಿತ್ತು.

ಅವರ ಮೇಜಿನ ಎರಡೂ ಬದಿಗೆ ಒಂದೊಂದು ಕುರ್ಚಿ. ಬಂದವರ ಹೆಸರು, ಊರು ಕೇಳುವ ಮೊದಲೇ, "ಹೊಗಳಾಕ ಬಂದೀರೋ, ಬೈಯಾಕ ಬಂದೀರೋ?" ಎನ್ನುತ್ತಿದ್ದರು. ಹೊಗಳುವವರಿಗೆ ಎಡಗಡೆಯ ಕುರ್ಚಿ, ಬೈಯುವವರಿಗೆ ಬಲಗಡೆಯದು. ಶಾಲು ಹಿಡಿದು ಬಂದ ಯಲಬುರ್ಗಾದ ಮುಖಂಡರೊಬ್ಬರು ಅರ್ಧ ತಾಸು ಗುಣಗಾನ ಮಾಡಿ ಹೋದ ಮೇಲೆ ನನ್ನ ಕಡೆ ತಿರುಗಿ, "ಏನಂತವ್ವ ಅವರದು?" ಎಂದಿದ್ದರು.

ಬೈಗುಳವನ್ನು ಮಾತ್ರ ಚಹಾ ತರಿಸಿ ಕೇಳುತ್ತಿದ್ದರು. ಮರುದಿನ ಅದು ಎರಡನೇ ಪುಟದಲ್ಲಿ 'ಬೈದವರ ಮಾತು' ಎಂಬ ತಲೆಬರಹದಡಿ ಅಚ್ಚಾಗುತ್ತಿತ್ತು. ನಮ್ಮದು ನಾಲ್ಕೇ ಪುಟದ ದಿನಪತ್ರಿಕೆ. ಕುಷ್ಟಗಿ, ಗಂಗಾವತಿಯ ಕಟ್ಟುಗಳು ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದವು. ಅಲ್ಲಿ ಜನ ಮೊದಲು ತೆರೆಯುತ್ತಿದ್ದುದು ಈ ಎರಡನೇ ಪುಟವನ್ನೇ. ಎಲ್ಲ ಪಕ್ಷದವರೂ ಅಲ್ಲಿ ನಮ್ಮನ್ನು ಬೈದಿದ್ದರು. ಒಮ್ಮೆ ಸಂಪಾದಕರ ಹೆಂಡತಿಯೂ ಬೈದಿದ್ದರು. "ಪೇಪರ್ ಅಂದ್ರ ಊರ ಮುಂದಿನ ಕಟ್ಟಿ ಇದ್ದಂಗವ್ವ. ಕಟ್ಟಿ ಕಟ್ಟಸ್ದಾಂವ ನಾನು ಅಂತ ಕುಂತವರನ್ನ ಎಬ್ಬಸಾಕ ಬರಂಗಿಲ್ಲ," ಎನ್ನುತ್ತಿದ್ದರು ಸಂಪಾದಕರು.

ಗಿಣಿಗೇರಾ ನನ್ನ ತವರು. ಅಲ್ಲಿನ ಕಾರ್ಖಾನೆಯೊಂದರ ಕಪ್ಪು ಧೂಳು ಒಣಹಾಕಿದ ಬಟ್ಟೆ, ಹೊಲದ ಮೇವು, ಬಡಿಸಿದ ಅನ್ನದ ಮೇಲೂ ಕೂರುತ್ತಿತ್ತು. ಅದನ್ನು ಬರೆದೆ. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಅದೇ ಕಾರ್ಖಾನೆಯಲ್ಲಿ ದುಡಿಯುವ ನನ್ನ ಅಣ್ಣ ಕಚೇರಿಗೆ ಬಂದ. ನನ್ನ ಮುಖ ನೋಡದೆ, "ಬೈಯಾಕ ಬಂದೀನ್ರಿ" ಎಂದು ಬಲಗಡೆ ಕುಳಿತ.

"ನನ್ನ ತಂಗಿ ಬರದದ್ದು ಸುಳ್ಳಲ್ರಿ. ಆದ್ರ ಫ್ಯಾಕ್ಟ್ರಿ ಬಂದ್ ಮಾಡ್ರಿ ಅಂತ ಊರಾಗ ಕೂಗು ಎದ್ದೈತಿ. ಬಂದ್ ಆದ್ರ ನಾವು ಎಲ್ಲಿಗೆ ಹೋಗೂದ್ರಿ? ದಾರಿಗೆ ನೀರು ಹೊಡಸ್ರಿ, ನಮಗ ಛಲೋ ಮಾಸ್ಕ್ ಕೊಡ್ರಿ, ಧೂಳು ಹಿಡಿಯೋ ಮಷೀನ್ ರಾತ್ರಿ ಬಂದ್ ಮಾಡಬ್ಯಾಡ್ರಿ ಅಂತ ಬರೀರಿ. ಅದನ್ನ ಯಾರೂ ಕೇಳವಲ್ರು."

ಸಂಪಾದಕರು ನೆಟ್ಟಗೆ ಕುಳಿತರು. "ರಾತ್ರಿ ಮಷೀನ್ ಬಂದ್ ಮಾಡ್ತಾರೇನು?"

ಅಣ್ಣನ ಮುಖ ಇಳಿದುಹೋಯಿತು. ಒಳಗಿದ್ದವರಿಗಷ್ಟೇ ಗೊತ್ತಿರುವ ಮಾತು ಬಾಯಿಂದ ಜಾರಿತ್ತು. "ನನ್ನ ಹೆಸರು ಬ್ಯಾಡ್ರಿ," ಎಂದಷ್ಟೇ ಹೇಳಿದ. ಅವನ ಸಂಬಳದಲ್ಲೇ ತವರಿನ ಒಲೆ ಉರಿಯುತ್ತಿತ್ತು.

ಅವನ ಮಾತು, ಹೆಸರಿಲ್ಲದೆ, ಮೊದಲ ಪುಟದಲ್ಲಿ ಬಂತು. ಅದಕ್ಕೆ ಮೊದಲು ಸಂಪಾದಕರು ನನ್ನನ್ನು ಕಳಿಸಿ ಬೇರೆ ಕಾರ್ಮಿಕರಿಂದಲೂ ವಿಷಯ ಖಾತ್ರಿ ಮಾಡಿಸಿಕೊಂಡಿದ್ದರು. "ನಿನ್ನ ಸುದ್ದಿ ತಪ್ಪಿರಲಿಲ್ಲವ್ವ, ಅರ್ಧ ಇತ್ತು," ಎಂದರು ನನಗೆ.

ಮರುದಿನವೇ ಕಾರ್ಖಾನೆಯ ಅಧಿಕಾರಿಯೊಬ್ಬರು ಬಂದು ಬಲಗಡೆ ಕುಳಿತರು. "ಒಳಗಿನ ವಿಷಯ ಹೇಳಿದವನು ಯಾರು? ಹೆಸರು ಕೊಡಿ." ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ನನಗೆ ಅಕ್ಷರಗಳೇ ಕಾಣದಾದವು. ಸಂಪಾದಕರು ನಿಧಾನವಾಗಿ ಕುರ್ಚಿ ತಿರುಗಿಸಿ ಎಡಗಿವಿಯನ್ನು ಅವರ ಮುಂದಿಟ್ಟರು.

"ಏನಂದ್ರಿ?"

ಅಧಿಕಾರಿ ಮತ್ತೆ ಕೇಳಿದರು. "ಕೇಳವಲ್ದ್ರಿ, ವಯಸ್ಸಾತು." ಇನ್ನೊಮ್ಮೆ ಕೇಳಿದ್ದು ಓಣಿಗೆಲ್ಲ ಕೇಳಿಸಿತು. ಕೊನೆಗೆ ಅಧಿಕಾರಿ ಎದ್ದು ನಿಂತು, "ನಾಳೆಯಿಂದ ನಮ್ಮ ಜಾಹೀರಾತು ಇಲ್ಲ," ಎಂದು ಮೆಲ್ಲಗೆ ಹೇಳಿದರು.

"ಹಾಂ, ಇದು ಕೇಳ್ತು ನೋಡ್ರಿ. ಆಗಲ್ರಿ," ಎಂದರು ನಮ್ಮವರು.

ಬಹಳ ಕಾಲ ನಮ್ಮ ಪತ್ರಿಕೆ ಎರಡೇ ಪುಟದಲ್ಲಿ ಬಂತು. ಆದರೂ 'ಬೈದವರ ಮಾತು' ನಿಲ್ಲಲಿಲ್ಲ. ಕಾರ್ಖಾನೆಯ ಮಷೀನ್ ರಾತ್ರಿಯೂ ಓಡತೊಡಗಿತು, ಅಣ್ಣನ ಕೆಲಸವೂ ಉಳಿಯಿತು. ಆ ಋಣ ನನ್ನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಅದನ್ನು ಹೇಳಲು ಹೋದಾಗಲೆಲ್ಲ ಅವರು, "ಎಡಕ್ಕ ಬಾರವ್ವ," ಎಂದು ನಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು, ಪತ್ರಿಕೆ ನನ್ನ ಕೈಗೆ ಬಂತು. ನಾನೂ ಅಣ್ಣನೂ ನೋಡಲು ಹೋದೆವು. ಅಣ್ಣ ಕೃತಜ್ಞತೆ ಹೇಳಲೆಂದೇ ಬಂದಿದ್ದ. ಆದರೆ ಅವರ ಬಲಗಿವಿಯ ಹತ್ತಿರ ಬಗ್ಗಿ, "ಆ ಮಷೀನ್ ಮತ್ತ ಬಂದ್ ಮಾಡಾಕ ಹತ್ಯಾರ್ರಿ. ನಿಮ್ಮ ಪೇಪರ್ ನಿದ್ದಿ ಮಾಡಾಕತ್ತೈತೇನ್ರಿ?" ಎಂದ.

ಅವರ ಕಣ್ಣು ತೆರೆಯಿತು. ಇಷ್ಟು ದಿನ ಇಲ್ಲದ ಕಳೆ ಮುಖಕ್ಕೆ ಬಂತು. ನನ್ನನ್ನು ಹುಡುಕಿ ನೋಡಿ, "ಬರಕೋ," ಎಂದರು. ಸ್ವಲ್ಪ ತಡೆದು, "ಹೆಸರು ಬ್ಯಾಡ."

ನಾನು ಕೇಳಿದ ಅವರ ಕೊನೆಯ ಮಾತು ಅದೇ. ಅವರು ತೀರಿಕೊಂಡ ಮರುದಿನ, ಅವರು ಕಲಿಸಿದಂತೆ ಖಾತ್ರಿ ಮಾಡಿಕೊಂಡ ಮಷೀನಿನ ಸುದ್ದಿಯನ್ನು ಮೊದಲ ಪುಟದಲ್ಲಿ ಮೇಲೆ ಹಾಕಿ, ಅವರ ಫೋಟೊವನ್ನು ಕೆಳಗೆ ಹಾಕಿದೆ. ಅಂಥ ದೊಡ್ಡ ಮನುಷ್ಯನನ್ನು ಕೆಳಗೆ ಹಾಕಿದೆಯಲ್ಲ ಎಂದು ಊರಿನವರು ಕಚೇರಿಗೆ ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದರು. ಬಲಗಡೆ ಕೂರಿಸಿ ಚಹಾ ತರಿಸಿದೆ.